ದೇವರ ಮುಂದೆ ತಪ್ಪೊಪ್ಪಿಕೊಳ್ಳುವುದು ಹೇಗೆ, ಆಮೇಲೆ ಮಾಡಬೇಕಾದದ್ದೇನು?

ಗದಗ-ಬೆಟಗೇರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಶುಕ್ರವಾರ ಸಂಜೆ ಮಷೀನ್‌ಗಳನ್ನು ಗೋಡೆಗೆ ಸರಿಸಿ, ಅಲ್ಲೇ ಚಾಪೆ ಹಾಸಿ ಹೆಂಗಸರ ಪ್ರಾರ್ಥನಾ ಕೂಟ ನಡೆಸುತ್ತೇವೆ. ಶುಭ ಶುಕ್ರವಾರ ಹತ್ತಿರ ಬಂದಂತೆ ಒಂದು ಪ್ರಶ್ನೆ ಜಾಸ್ತಿ ಬರುತ್ತದೆ. "ಅಕ್ಕಾ, ಎಷ್ಟು ಸಲ ಕ್ಷಮೆ ಕೇಳಿದರೂ ಸಮಾಧಾನವೇ ಇಲ್ಲ. ದೇವರು ಕ್ಷಮಿಸಿದ್ದಾರೋ ಇಲ್ಲವೋ?" ಕೂಟದಲ್ಲಿ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಹಾಳೆ ತೆಗೆದುಕೊಂಡು ಒಬ್ಬರೇ ಕುಳಿತುಕೊಳ್ಳಿ. "ನಾನು ಪಾಪಿ" ಎಂದು ಬರೆಯಬೇಡಿ. ಅದು ನಿಜವೇ, ಆದರೆ ಆ ಮಾತಿನ ಹಿಂದೆ ಬಚ್ಚಿಟ್ಟುಕೊಳ್ಳುವುದು ಸುಲಭ. ಏನು ಮಾಡಿದಿರಿ, ಯಾರಿಗೆ ಮಾಡಿದಿರಿ, ಅವರಿಗೆ ಏನು ನಷ್ಟವಾಯಿತು, ಅಷ್ಟನ್ನು ಬರೆಯಿರಿ. "ಸಂಘದ ಹಣದಲ್ಲಿ ಎರಡು ಸಾವಿರ ತೆಗೆದೆ, ಪುಸ್ತಕದಲ್ಲಿ ಸುಳ್ಳು ಲೆಕ್ಕ ಬರೆದೆ." "ಗಿರಾಕಿಯ ಬಟ್ಟೆಯಲ್ಲಿ ಮಿಕ್ಕಿದ್ದನ್ನು ಹೇಳದೆ ಇಟ್ಟುಕೊಂಡೆ." "ಅತ್ತಿಗೆಯ ಬಗ್ಗೆ ಇಲ್ಲದ ಮಾತು ಹಬ್ಬಿಸಿದೆ." ಯಾಕೆ ಮಾಡಿದೆ ಅನ್ನುವ ಕಾರಣಗಳನ್ನು ಸದ್ಯಕ್ಕೆ ಬಿಡಿ. ಕಷ್ಟ ಇತ್ತು, ಅವರೂ ಸರಿ ಇರಲಿಲ್ಲ, ಎಲ್ಲಾ ನಿಜವಿರಬಹುದು. ಅದೆಲ್ಲ ದೇವರಿಗೆ ಗೊತ್ತು. ಹಾಳೆ ಯಾರ ಕೈಗಾದರೂ ಸಿಕ್ಕೀತು ಅನ್ನುವ ಭಯ ಇದ್ದರೆ ಪ್ರಾರ್ಥನೆ ಆದಮೇಲೆ ಸುಟ್ಟುಬಿಡಿ.

ಬರೆಯುವ ಮೊದಲು ಬೈಬಲಿನಲ್ಲಿ 2 ಸಮುವೇಲ 11 ಮತ್ತು 12ನೇ ಅಧ್ಯಾಯ ಓದಿ, ಆಮೇಲೆ 51ನೇ ಕೀರ್ತನೆ. ಅರಸ ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ತೆಗೆದುಕೊಂಡ, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ. ಪ್ರವಾದಿ ನಾತಾನ ಬಂದು ಮುಖಕ್ಕೆ ಹೇಳುವ ಹೊತ್ತಿಗೆ ಮಗು ಹುಟ್ಟಿತ್ತು. ಅಷ್ಟು ಕಾಲ ಅರಸ ಸುಮ್ಮನಿದ್ದ. ಒಪ್ಪಿಕೊಂಡ ಮರುಕ್ಷಣವೇ ನಾತಾನ ಕ್ಷಮೆಯ ಮಾತು ಹೇಳುತ್ತಾನೆ. ಆದರೂ ದಾವೀದ ಮಾಡಿದ್ದರ ನೋವು ಅವನ ಮನೆಯಲ್ಲೇ ಉಳಿಯಿತು. ಇದನ್ನು ಗಮನಿಸಿ. ಕ್ಷಮೆ ಸಿಕ್ಕಿತು ಅಂದರೆ ಪರಿಣಾಮ ಮಾಯವಾಯಿತು ಅಂತಲ್ಲ. ಪರಿಣಾಮ ಉಳಿದಿದೆ ಅಂದರೆ ಕ್ಷಮೆ ಸಿಕ್ಕಿಲ್ಲ ಅಂತಲೂ ಅಲ್ಲ.

ಆಮೇಲೆ ಬರೆದದ್ದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿ. ಉದ್ದ ಪ್ರಾರ್ಥನೆ ಬೇಡ. ಲೂಕ 18ರಲ್ಲಿ ಸುಂಕದವನು, ಅಂದರೆ ತೆರಿಗೆ ವಸೂಲಿ ಮಾಡುವವನು, ಮಾಡಿದ್ದು ಒಂದೇ ಸಾಲಿನ ಪ್ರಾರ್ಥನೆ. ಕಣ್ಣೀರು ಬರಲಿಲ್ಲ ಅಂತ ಕಾಯಬೇಡಿ. 1 ಯೋಹಾನ 1:9ರಲ್ಲಿ ಕೇಳಿರುವುದು ಒಪ್ಪಿಕೊಳ್ಳುವುದನ್ನು, ಅಳುವುದನ್ನಲ್ಲ. ಕರ್ತನ ಭೋಜನಕ್ಕೆ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಮೊದಲು ಸಭೆಯೆಲ್ಲ ಸೇರಿ ಪಾಪದ ಅರಿಕೆ ಮಾಡುತ್ತೇವಲ್ಲ, ಅದು ಎಲ್ಲರಿಗೂ ಹೊಂದುವ ಮಾತು. ನಿಮ್ಮ ಹಾಳೆಯಲ್ಲಿರುವುದನ್ನು ನೀವೇ ಹೇಳಬೇಕು. ಕಥೋಲಿಕ ಅಕ್ಕತಂಗಿಯರು ಇದನ್ನು ಗುರುಗಳ ಬಳಿ ಪಾಪನಿವೇದನೆಯಲ್ಲಿ ಹೇಳುತ್ತಾರೆ. ಗುರುಗಳು ಅದನ್ನು ಹೊರಗೆ ಬಾಯಿಬಿಡುವಂತಿಲ್ಲ.

ಇಲ್ಲಿ ಹಣ ತೆಗೆದುಕೊಂಡು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ವಿಷಯ ಹೇಳಲೇಬೇಕು. ಮತ್ತಾಯ 27 ಓದಿ ನೋಡಿ. ಅವನು ಪಾಪ ಮಾಡಿದೆ ಎಂದು ಒಪ್ಪಿಕೊಂಡ. 30 ಬೆಳ್ಳಿ ನಾಣ್ಯಗಳನ್ನು ವಾಪಸ್ಸೂ ಕೊಟ್ಟ. ಆದರೆ ಹೋದದ್ದು ಮಹಾಯಾಜಕರ ಬಳಿಗೆ. ಅವರು "ಅದು ನಮಗೇನು" ಅಂದುಬಿಟ್ಟರು. ಅಲ್ಲಿಂದ ಅವನು ಹೋಗಿ ನೇಣು ಹಾಕಿಕೊಂಡ. ಯೇಸುವನ್ನು ಹಿಡಿದ ರಾತ್ರಿ ಶಿಷ್ಯ ಪೇತ್ರನೂ ಅವರು ಯಾರೋ ಗೊತ್ತಿಲ್ಲ ಎಂದು ಮೂರು ಸಲ ಸುಳ್ಳು ಹೇಳಿದ್ದ, ಬಿಕ್ಕಿ ಅತ್ತಿದ್ದ. ಆದರೆ ಯೋಹಾನ 21ರಲ್ಲಿ ದಡದಲ್ಲಿ ನಿಂತಿರುವುದು ಸ್ವಾಮಿ ಎಂದು ಗೊತ್ತಾದ ಕೂಡಲೇ, ದೋಣಿ ದಡ ಸೇರುವ ತನಕ ಕಾಯದೆ ಅವನು ನೀರಿಗೆ ಧುಮುಕಿದ. ಯೂದನಿಗೂ ದುಃಖವಾಗಿತ್ತು, ಪೇತ್ರನಿಗೂ ದುಃಖವಾಗಿತ್ತು. ಪೇತ್ರ ಯೇಸುವಿನ ಹತ್ತಿರ ಹೋದ. ನಿಮ್ಮ ದುಃಖ ನಿಮ್ಮನ್ನು ಯಾವ ಕಡೆಗೆ ತಳ್ಳುತ್ತಿದೆ ನೋಡಿಕೊಳ್ಳಿ. ಪ್ರಾರ್ಥನೆ ಬಿಟ್ಟು ದೂರ ಓಡಿಸುತ್ತಿದ್ದರೆ, ಸಾಯಬೇಕು ಅನ್ನಿಸುತ್ತಿದ್ದರೆ, ಒಬ್ಬರೇ ಕೂರಬೇಡಿ. ಸಭಾಪಾಲಕರಿಗೆ, ಮನೆಯವರಿಗೆ, ಡಾಕ್ಟರಿಗೆ ಇವತ್ತೇ ಹೇಳಿ.

ಇನ್ನು ಹೆಚ್ಚಿನವರು ತಪ್ಪಿಸಿಕೊಳ್ಳುವ ಕೆಲಸ: ನಷ್ಟವಾದವರ ಮನೆಗೆ ಹೋಗುವುದು. ಹೊಲಿಗೆ ತಪ್ಪಿದ ಕಡೆ ಮೇಲೊಂದು ಹೊಲಿಗೆ ಹಾಕಿದರೆ ಬಟ್ಟೆ ಕೂರುವುದಿಲ್ಲ, ಬಿಚ್ಚಲೇಬೇಕು. ಮತ್ತಾಯ 5ರಲ್ಲಿ ಯೇಸು ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅನ್ನುತ್ತಾರೆ. ಯಾಜಕಕಾಂಡ 6ರ ಪ್ರಕಾರ ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು, ಐದನೇ ಒಂದು ಭಾಗ ಸೇರಿಸಬೇಕು. ಎರಡು ಸಾವಿರಕ್ಕೆ 2,400 ರೂಪಾಯಿ. ಸುಂಕದವರ ಮುಖ್ಯಸ್ಥ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದ. ಆದರೆ ಲೂಕ 19ರಲ್ಲಿ ಯಾವುದು ಮೊದಲು ಬರುತ್ತದೆ ನೋಡಿ. ಯೇಸು ಅವನ ಮನೆಗೆ ಬರುತ್ತೇನೆ ಅಂದದ್ದು ಮೊದಲು, ಅವನು ಹಣ ಕೊಡುತ್ತೇನೆ ಅಂದದ್ದು ಆಮೇಲೆ. ನಾವು ಹಣ ವಾಪಸ್ ಕೊಟ್ಟು ಕ್ಷಮೆ ಕೊಂಡುಕೊಳ್ಳುವುದಿಲ್ಲ. ಕ್ಷಮೆ ಸಿಕ್ಕಿರುವುದರಿಂದಲೇ ಬಾಗಿಲು ತಟ್ಟುವ ಧೈರ್ಯ ಬರುತ್ತದೆ.

ಹೋಗುವಾಗ ಒಬ್ಬರೇ ಹೋಗಿ. ಹಬ್ಬ, ಮದುವೆ ದಿನ ಬೇಡ. ಹಾಳೆಯಲ್ಲಿ ಬರೆದ ಸಾಲನ್ನೇ ಹೇಳಿ, ಹಣ ಮುಂದಿಡಿ. ಪೂರ್ತಿ ಇಲ್ಲದಿದ್ದರೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಅಂತ ಹೇಳಿ, ಅದರಂತೆ ಕೊಡಿ. "ಕ್ಷಮಿಸಿದೆ ಅನ್ನಿ" ಎಂದು ಅಲ್ಲೇ ಪಟ್ಟು ಹಿಡಿಯಬೇಡಿ. ಅವರು ಬೈದರೆ ಕೇಳಿಸಿಕೊಳ್ಳಿ. ಗಂಡ-ಹೆಂಡತಿಯ ನಂಬಿಕೆ ಮುರಿದಂಥ ವಿಷಯವಾದರೆ ದುಡುಕಬೇಡಿ. ಹೇಗೆ, ಯಾವಾಗ ಹೇಳಬೇಕು ಅಂತ ಮೊದಲು ನಂಬಿಕಸ್ಥ ಸಭಾಪಾಲಕರ ಜೊತೆ ಮಾತಾಡಿ.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಹೊಡೆಯುವ ಗಂಡ ಸಭೆಯಲ್ಲಿ ಅತ್ತು ಸಾರಿ ಅಂದ ಮಾತ್ರಕ್ಕೆ ಹೆಂಡತಿ ಅವತ್ತೇ ಮನೆಗೆ ಮರಳಬೇಕು ಅಂತ ಯಾರೂ ಒತ್ತಾಯ ಮಾಡಬಾರದು. ಸ್ನಾನಿಕ ಯೋಹಾನ ಲೂಕ 3ರಲ್ಲಿ ಪಶ್ಚಾತ್ತಾಪಕ್ಕೆ ತಕ್ಕ ಫಲ ತೋರಿಸಿ ಅಂದ. ಸುಂಕದವರಿಗೆ ನೇಮಿಸಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ, ಸಿಪಾಯಿಗಳಿಗೆ ಯಾರನ್ನೂ ಹೆದರಿಸಿ ಹಣ ಕೀಳಬೇಡಿ ಅಂದ. ಅವರವರ ಕೆಲಸದಲ್ಲೇ ಕಾಣುವ ಫಲ ಅದು. ಫಲ ಕಾಣಲು ಸಮಯ ಬೇಕು, ಅಲ್ವಾ?

ಮತ್ತೆ ಅದೇ ತಪ್ಪಿಗೆ ಬಿದ್ದರೆ ಮತ್ತೆ ಬನ್ನಿ. ದಿನಕ್ಕೆ ಏಳು ಸಲ ಬಂದು ಕೇಳಿದರೂ ಕ್ಷಮಿಸಿ ಎಂದು ನಮಗೆ ಹೇಳಿದ ಯೇಸು ತಾವು ಅದಕ್ಕಿಂತ ಕಡಿಮೆ ಮಾಡುವುದಿಲ್ಲ. ಆದರೆ ದಾರಿ ಬದಲಿಸಿ. ಸಂಘದ ಹಣ ನಿಮ್ಮ ಕೈಯಲ್ಲಿ ಇರದ ಹಾಗೆ ಮಾಡಿಕೊಳ್ಳಿ. ಒಪ್ಪಿಕೊಂಡು ಮುಗಿದ ಹಳೆಯ ಪಾಪ ರಾತ್ರಿ ನೆನಪಾದರೆ ಮತ್ತೆ ಕ್ಷಮೆ ಕೇಳಬೇಡಿ. ದೇವರು ನಮ್ಮ ಪಾಪಗಳನ್ನು ನಮ್ಮಿಂದ ದೂರ ಮಾಡಿದ್ದಾರೆ ಅನ್ನುವ 103ನೇ ಕೀರ್ತನೆಯ 12ನೇ ವಚನ ಓದಿ, ಥ್ಯಾಂಕ್ಸ್ ಹೇಳಿ ಮಲಗಿ.

ನಷ್ಟವಾದವರು ತೀರಿಹೋಗಿದ್ದರೆ? ಇದಕ್ಕೂ ಅರಣ್ಯಕಾಂಡ 5ರಲ್ಲಿ ದಾರಿ ಇದೆ. ಹತ್ತಿರದ ಬಂಧುವಿಗೆ ಕೊಡಬೇಕು, ಬಂಧುಗಳೂ ಇಲ್ಲದಿದ್ದರೆ ಅದು ದೇವರಿಗೆ ಸೇರಬೇಕು, ಅಂದರೆ ಯಾಜಕನ ಕೈಗೆ. ಹಾಗಾಗಿ ಮೊದಲು ಅವರ ಮಕ್ಕಳನ್ನು ಹುಡುಕಿ, ವಿಷಯ ಹೇಳಿ ಕೊಡಿ. ಯಾರೂ ಸಿಗದಿದ್ದರೆ ಸಭೆಯಲ್ಲಿ ಬಡವರಿಗಾಗಿ ತೆಗೆದಿಡುವ ಹಣಕ್ಕೆ ಸೇರಿಸಿ, ಹೆಸರು ಹೇಳದೆ.