ಹರಿಕೇನ್ ಕರಾವಳಿಗೆ ಅಪ್ಪಳಿಸಿದಾಗ ಒಳನಾಡಿನವರು ನೋಡಬೇಕಾದದ್ದು: ಕೆರೊಲಿನಾಗಳಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಶಾರ್ಲೆಟ್ ಮತ್ತು ಸುತ್ತಲಿನ ಊರುಗಳಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳು ಹರಿಕೇನ್ ಎಂದರೆ ಅದು ಫ್ಲಾರಿಡಾದವರ ಚಿಂತೆ ಎಂದುಕೊಳ್ಳುವುದು ಸಹಜ. ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತ ಚೆನ್ನೈಗೆ ಅಪ್ಪಳಿಸಿದರೆ ಬೆಂಗಳೂರಿನಲ್ಲಿ ಎರಡು ದಿನ ಮೋಡ, ಜಿಟಿಜಿಟಿ ಮಳೆ, ಒಂದಿಷ್ಟು ಚಳಿ; ಅದಕ್ಕಿಂತ ಹೆಚ್ಚಿನದನ್ನು ನಮ್ಮಲ್ಲಿ ಬಹುಮಂದಿ ಕಂಡಿಲ್ಲ. ಕರಾವಳಿಯ ಚಾರ್ಲ್‌ಸ್ಟನ್‌ನಿಂದ ಶಾರ್ಲೆಟ್‌ಗೆ ನೇರ ದೂರ ಸುಮಾರು 285 ಕಿ.ಮೀ.; ಚೆನ್ನೈ ಮತ್ತು ಬೆಂಗಳೂರಿನ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಹೀಗಿದ್ದರೂ, 1989ರ ಸೆಪ್ಟೆಂಬರ್ 22ರ ನಡುರಾತ್ರಿ ಚಾರ್ಲ್‌ಸ್ಟನ್ ಬಳಿಯ ಸಲಿವನ್ಸ್ ದ್ವೀಪದಲ್ಲಿ ಗಾಳಿಯ ವೇಗವನ್ನು ಅಳೆಯುವ ಐದು ದರ್ಜೆಗಳಲ್ಲಿ ನಾಲ್ಕನೇ ದರ್ಜೆಯ ಹರಿಕೇನ್ ಆಗಿ ನೆಲ ಮುಟ್ಟಿದ ಹ್ಯೂಗೊ, ಬೆಳಗಾಗುವ ಹೊತ್ತಿಗೆ ಶಾರ್ಲೆಟ್ ತಲುಪಿ, ಗಂಟೆಗೆ 80 ಮೈಲಿಯನ್ನೂ ಮೀರಿದ ಬಿರುಗಾಳಿಯ ಹೊಡೆತಗಳಿಂದ ಸಾವಿರಾರು ಮರಗಳನ್ನು ಉರುಳಿಸಿತು. ಕೆಲವು ಬಡಾವಣೆಗಳಿಗೆ ಎರಡು ವಾರ ಕಳೆದರೂ ವಿದ್ಯುತ್ ಬಂದಿರಲಿಲ್ಲ.

ಇದಕ್ಕೆ ಮುಖ್ಯ ಕಾರಣ ಚಂಡಮಾರುತ ಮುಂದೆ ಸಾಗುವ ವೇಗ. ಬೆಚ್ಚನೆಯ ಸಮುದ್ರದಿಂದ ಸಿಗುತ್ತಿದ್ದ ಶಕ್ತಿ ನೆಲದ ಮೇಲೆ ಬಂದೊಡನೆ ನಿಂತುಹೋಗುತ್ತದೆ, ಗಾಳಿ ಕುಗ್ಗತೊಡಗುತ್ತದೆ. ಆದರೆ ಈ ಕುಗ್ಗುವಿಕೆಯನ್ನು ಗಂಟೆಗಳಲ್ಲಿ ಅಳೆಯಬೇಕೇ ಹೊರತು ಮೈಲಿಗಳಲ್ಲಿ ಅಲ್ಲ. ಗಂಟೆಗೆ ಹತ್ತು ಮೈಲಿ ತೆವಳುವ ಚಂಡಮಾರುತ ನಮ್ಮಲ್ಲಿಗೆ ಬರುವಷ್ಟರಲ್ಲಿ ಬರೀ ಮಳೆಯಾಗಿರಬಹುದು, ಇಪ್ಪತ್ತೈದು ಮೂವತ್ತು ಮೈಲಿ ವೇಗದಲ್ಲಿ ನುಗ್ಗುವ ಚಂಡಮಾರುತ ಕುಗ್ಗಲು ಸಮಯವೇ ಸಿಗದೆ ನಮ್ಮ ಮನೆಯ ಮೇಲೆ ಬಂದಿರುತ್ತದೆ. ಹಾಗಾಗಿ ಹರಿಕೇನ್ ಕೇಂದ್ರದ ಪ್ರಕಟಣೆಯನ್ನು ಓದುವಾಗ ದರ್ಜೆಯಷ್ಟೇ ಗಮನವನ್ನು, ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಹೆಚ್ಚು ಗಮನವನ್ನು, ಅದರ ಚಲನೆಯ ದಿಕ್ಕು ಮತ್ತು ವೇಗವನ್ನು ಹೇಳುವ ಸಾಲಿಗೆ ಕೊಡಬೇಕು.

2024ರ ಹೆಲೀನ್ ಇದಕ್ಕೆ ಇತ್ತೀಚಿನ ಉದಾಹರಣೆ. ಸೆಪ್ಟೆಂಬರ್ 26ರ ರಾತ್ರಿ ಹನ್ನೊಂದರ ಸುಮಾರಿಗೆ ಫ್ಲಾರಿಡಾದ ಪೆರಿ ಪಟ್ಟಣದ ಬಳಿ ಗಂಟೆಗೆ 140 ಮೈಲಿ ಗಾಳಿಯೊಡನೆ ಅದು ನೆಲ ಮುಟ್ಟಿತು. ರಾತ್ರಿ ಕಳೆಯುವುದರೊಳಗೆ ಜಾರ್ಜಿಯಾವನ್ನು ಸೀಳಿಕೊಂಡು ಬಂದಿತ್ತು. ಬೆಳಗಿನ ಜಾವ ಅದನ್ನು ಹರಿಕೇನ್ ಪಟ್ಟಿಯಿಂದ ಇಳಿಸಿ ಉಷ್ಣವಲಯದ ಬಿರುಗಾಳಿ ಎಂದು ಕರೆಯಲಾಯಿತು, ಆದರೆ ಅದೇ ಹೊತ್ತಿನಲ್ಲಿ ಜಾರ್ಜಿಯಾದ ಆಗಸ್ಟಾ ನಗರದ ಬೀದಿಗಳಲ್ಲಿ ಪೈನ್ ಮತ್ತು ಓಕ್ ಮರಗಳು ಸಾಲುಸಾಲಾಗಿ ಮನೆಗಳ ಮೇಲೆ ಬೀಳುತ್ತಿದ್ದವು. ಚಂಡಮಾರುತದ ಕೇಂದ್ರ ಆಗಸ್ಟಾದ ಮೇಲೆ ಹಾದದ್ದೂ ಅಲ್ಲ. ಅದು ಪಶ್ಚಿಮಕ್ಕೆ ದೂರದಲ್ಲಿತ್ತು. ಉತ್ತರಕ್ಕೆ ಓಡುವ ಚಂಡಮಾರುತದ ಬಲಮಗ್ಗುಲಲ್ಲಿ, ಅಂದರೆ ಪೂರ್ವಕ್ಕೆ, ಸುತ್ತುವ ಗಾಳಿಗೆ ಮುನ್ನುಗ್ಗುವ ವೇಗವೂ ಸೇರಿಕೊಳ್ಳುವುದರಿಂದ ಅಲ್ಲಿ ಹೊಡೆತ ಜೋರಾಗಿರುತ್ತದೆ, ಸುಂಟರಗಾಳಿಗಳೂ ಹೆಚ್ಚಾಗಿ ಅಲ್ಲಿಯೇ ಹುಟ್ಟುತ್ತವೆ. ಕೇಂದ್ರವು ನಿಮ್ಮ ಊರಿನ ಪಶ್ಚಿಮಕ್ಕೆ ಹೋಗುತ್ತದೆ ಎಂಬುದು ನೆಮ್ಮದಿಯ ಸುದ್ದಿಯಲ್ಲ.

ಮಾಹಿತಿಯ ಮೂಲವನ್ನು ಒಂದೆರಡಕ್ಕೆ ಸೀಮಿತಗೊಳಿಸಿಕೊಳ್ಳಿ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರವು ಅಮೆರಿಕದ ಪೂರ್ವ ವಲಯದ ಬೇಸಿಗೆ ಸಮಯದಂತೆ ಬೆಳಿಗ್ಗೆ 5 ಮತ್ತು 11ಕ್ಕೆ, ಸಂಜೆ 5ಕ್ಕೆ, ರಾತ್ರಿ 11ಕ್ಕೆ ಪೂರ್ಣ ಪ್ರಕಟಣೆ ಹೊರಡಿಸುತ್ತದೆ. ಕರಾವಳಿಗೆ ಎಚ್ಚರಿಕೆ ಜಾರಿಯಾದ ಮೇಲೆ ನಡುವೆಯೂ ಒಂದೊಂದು ಬರುತ್ತದೆ. ರಾತ್ರಿ 11ರದ್ದು ಬರುವಾಗ ಬೆಂಗಳೂರಿನಲ್ಲಿ ಬೆಳಗಿನ ಎಂಟೂವರೆಯಾಗಿರುತ್ತದೆ, ಟಿವಿ ನೋಡಿದ ಅಪ್ಪ ಅಮ್ಮನ ಫೋನು ಅದರ ಹಿಂದೆಯೇ ಬರುತ್ತದೆ. ಅವರಿಗೆ ಹೇಳಲು ಒಂದು ಸಾಲನ್ನು ಮೊದಲೇ ಸಿದ್ಧವಾಗಿಟ್ಟುಕೊಂಡರೆ ಬ್ಯಾಟರಿಯೂ ಉಳಿಯುತ್ತದೆ. ಎಲ್ಲರೂ ವಾಟ್ಸಾಪಿನಲ್ಲಿ ಹಂಚುವ ಬಿಳಿಯ ಕೋನ್ (ಶಂಕುವಿನಾಕಾರದ) ಚಿತ್ರ ಚಂಡಮಾರುತದ ಕೇಂದ್ರ ಎಲ್ಲೆಲ್ಲಿ ಸಾಗಬಹುದು ಎಂಬುದನ್ನು ಮಾತ್ರ ತೋರಿಸುತ್ತದೆ. ಗಾಳಿ ಎಷ್ಟು ಅಗಲಕ್ಕೆ ಹರಡಿದೆ ಎಂಬುದು ಅದರಲ್ಲಿಲ್ಲ. ಕೇಂದ್ರವೇ ಮೂರರಲ್ಲಿ ಒಂದು ಸಲದಷ್ಟು ಕೋನ್‌ನಿಂದ ಹೊರಗೆ ಹೋಗುತ್ತದೆ. ಹತ್ತು ದಿನ ಮೊದಲು ಯಾವುದೋ ಒಂದು ಕಂಪ್ಯೂಟರ್ ಹವಾಮಾನ ಮಾಡೆಲ್ ತೋರಿಸಿದ ಭಯಾನಕ ಚಿತ್ರವನ್ನು ನೋಡಿ ನೀರಿನ ಬಾಟಲಿಗೆ ಮುಗಿಬೀಳುವ ಅಗತ್ಯವಂತೂ ಇಲ್ಲ.

ನಮಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಅದೇ ರಾಷ್ಟ್ರೀಯ ಹರಿಕೇನ್ ಕೇಂದ್ರದ ಇನ್ನೊಂದು ನಕ್ಷೆ. ಗಂಟೆಗೆ 39 ಮೈಲಿಯ, ಅಂದರೆ ಬಿರುಗಾಳಿ ಮಟ್ಟದ ಗಾಳಿ ಯಾವ ಊರನ್ನು ಯಾವಾಗ ಮುಟ್ಟಬಹುದು ಎಂಬುದನ್ನು ಅದು ಎರಡು ಬಗೆಯಲ್ಲಿ ಕೊಡುತ್ತದೆ: ಹೆಚ್ಚು ಸಂಭವವಿರುವ ಸಮಯ ಮತ್ತು ತೀರಾ ಬೇಗ ಬಂದರೆ ಬರಬಹುದಾದ ಸಮಯ. ಎರಡನೆಯದನ್ನೇ ನಿಮ್ಮ ಗಡುವು ಎಂದು ಇಟ್ಟುಕೊಳ್ಳಿ. ಆ ಗಾಳಿ ಎದ್ದ ಮೇಲೆ ಏಣಿ ಹತ್ತುವುದಾಗಲಿ, ಕಾರು ತೆಗೆಯುವುದಾಗಲಿ ಸಲ್ಲದು. ನಮ್ಮ ಸಂಘದ ಗಣೇಶೋತ್ಸವವೂ ದಸರಾ ಕಾರ್ಯಕ್ರಮವೂ ಹರಿಕೇನ್ ಋತುವಿನ ನಡುಮಧ್ಯದಲ್ಲೇ ಬೀಳುವುದರಿಂದ, ಕಾರ್ಯಕ್ರಮ ಮುಂದೂಡಬೇಕೇ ಬೇಡವೇ ಎಂಬುದನ್ನೂ ಇದೇ ನಕ್ಷೆಯ ಮೇಲೆ ತೀರ್ಮಾನಿಸುವುದು ಒಳ್ಳೆಯದು. ಅದರ ಜೊತೆಗೆ ನಿಮ್ಮ ಕೌಂಟಿಯ ಎಚ್ಚರಿಕೆಗಳಿಗೆ ರಾಷ್ಟ್ರೀಯ ಹವಾಮಾನ ಸೇವೆಯ ಸ್ಥಳೀಯ ಕಚೇರಿಯನ್ನು ನೋಡಿ. ಶಾರ್ಲೆಟ್ ಪ್ರದೇಶವನ್ನು ನೋಡಿಕೊಳ್ಳುವುದು ದಕ್ಷಿಣ ಕೆರೊಲಿನಾದ ಗ್ರೀರ್‌ನಲ್ಲಿರುವ ಗ್ರೀನ್‌ವಿಲ್-ಸ್ಪಾರ್ಟನ್‌ಬರ್ಗ್ ಕಚೇರಿ. ವಾಚ್ ಎಂದರೆ ಆಗಬಹುದು, ವಾರ್ನಿಂಗ್ ಎಂದರೆ ಆಗುವ ನಿರೀಕ್ಷೆಯಿದೆ.

ಅಂಕಿಗಳನ್ನು ಓದುವಾಗ ಹೊಸಬರು ಒಂದು ಕಡೆ ಎಡವುತ್ತಾರೆ. ಇಲ್ಲಿ ಎಲ್ಲವೂ ಮೈಲಿಯಲ್ಲಿರುವುದರಿಂದ 60 ಎಂದು ಕೇಳಿದಾಗ ನಮ್ಮ ಕಿವಿಗೆ ಅದು ಸ್ಕೂಟರಿನ ವೇಗವೆನಿಸುತ್ತದೆ. ಅದು 97 ಕಿ.ಮೀ. ಅಲ್ಲದೆ ಪ್ರಕಟಣೆಯ ಗಾಳಿವೇಗ ಒಂದು ನಿಮಿಷದ ಸರಾಸರಿ. ಮರವನ್ನು ಕೆಡಹುವ ಕ್ಷಣಿಕ ಹೊಡೆತ ಅದಕ್ಕಿಂತ ಸಾಕಷ್ಟು ಹೆಚ್ಚಿರುತ್ತದೆ.

ಒಳನಾಡಿನಲ್ಲಿ ಪ್ರಾಣ ತೆಗೆಯುವ ಗಾಳಿ ಬಹುತೇಕ ಮರದ ಮೂಲಕವೇ ಬರುತ್ತದೆ. ಶಾರ್ಲೆಟ್ಟಿನ ಹಳೆಯ ಬಡಾವಣೆಗಳ ಹೆಮ್ಮೆಯಾದ ವಿಲ್ಲೋ ಓಕ್‌ಗಳು ಎಲೆ ತುಂಬಿಕೊಂಡು ನಿಂತಿರುವುದು ಸೆಪ್ಟೆಂಬರಿನಲ್ಲೇ. ಚಂಡಮಾರುತಕ್ಕೆ ಮುಂಚಿನ ದಿನಗಳಲ್ಲಿ ಮಳೆ ಸುರಿದು ಕೆಮ್ಮಣ್ಣು ಮೆತ್ತಗಾಗಿದ್ದರೆ, ಹೆಲೀನ್‌ಗೆ ಮೊದಲು ಆದದ್ದೂ ಅದೇ, ಗಟ್ಟಿಮುಟ್ಟಾದ ಮರವೂ ಬೇರುಸಹಿತ ಒರಗುತ್ತದೆ. ಮನೆಗೆ ಬಂದ ಮೊದಲ ತಿಂಗಳಲ್ಲೇ ಒಮ್ಮೆ ಹಿತ್ತಲಿನಲ್ಲಿ ನಿಂತು, ಯಾವ ಮರದ ಎತ್ತರ ಯಾವ ಕೋಣೆಯನ್ನು ಮುಟ್ಟುತ್ತದೆ ಎಂದು ನೋಡಿಡಿ. ಬುಡದಲ್ಲಿ ಅಣಬೆ, ಒಂದು ಬದಿಯ ಮಣ್ಣು ಬಿರುಕುಬಿಟ್ಟು ಉಬ್ಬಿರುವುದು, ತುದಿಯಲ್ಲಿ ಒಣಗಿದ ಕೊಂಬೆ, ಇವು ಕಂಡರೆ ಪ್ರಮಾಣಪತ್ರವಿರುವ ಮರತಜ್ಞರನ್ನು ಕರೆಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಮರತಜ್ಞರೂ ಸಿಗುವುದಿಲ್ಲ, ವಿಮೆ ಕಂಪನಿಗಳೂ ಸಾಮಾನ್ಯವಾಗಿ ಹೊಸ ಪಾಲಿಸಿ ಬರೆಯುವುದಿಲ್ಲ.

ಆ ರಾತ್ರಿ ಎಲ್ಲರೂ ಕೆಳಗಿನ ಅಂತಸ್ತಿನಲ್ಲಿ, ದೊಡ್ಡ ಮರವಿರುವ ಬದಿಗೆ ವಿರುದ್ಧವಾಗಿ, ಕಿಟಕಿಯಿಂದ ದೂರ ಮಲಗಬೇಕು. ಮಕ್ಕಳು ಮಹಡಿಯ ತಮ್ಮ ಕೋಣೆಯೇ ಬೇಕೆಂದು ಹಟ ಹಿಡಿದರೂ ಇದರಲ್ಲಿ ರಿಯಾಯಿತಿ ಬೇಡ. ಫೋನಿನ ತುರ್ತು ಎಚ್ಚರಿಕೆಗಳನ್ನು ಮೌನಗೊಳಿಸದೆ ತಲೆದೆಸೆಯಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಸುಂಟರಗಾಳಿಯ ಎಚ್ಚರಿಕೆ ನಿದ್ದೆಯ ಹೊತ್ತಿನಲ್ಲೇ ಬರಬಹುದು. ವಿದ್ಯುತ್ ಹೋದಾಗ ಗ್ಯಾರೇಜಿನ ಬಾಗಿಲು ತೆರೆಯುವುದು ಹೇಗೆಂದು ಅಂದು ಕತ್ತಲಲ್ಲಿ ಹುಡುಕುವ ಬದಲು ಈಗಲೇ ಅಭ್ಯಾಸ ಮಾಡಿ: ಮೋಟಾರಿನ ಹಳಿಯಿಂದ ತೂಗುವ ಕೆಂಪು ಹಗ್ಗವನ್ನು, ಬಾಗಿಲು ಪೂರ್ತಿ ಮುಚ್ಚಿರುವಾಗ ಎಳೆದು, ಬಳಿಕ ಕೈಯಿಂದ ಮೇಲೆತ್ತಬೇಕು.

ಮಳೆ ನಿಂತು ಬಿಸಿಲು ಬಂದ ಮೇಲೂ ನೆನೆದ ಮಣ್ಣಿನಲ್ಲಿ ಸಡಿಲಗೊಂಡ ಮರಗಳು ಬೀಳುತ್ತಲೇ ಇರುತ್ತವೆ, ಆದ್ದರಿಂದ ಹಾನಿ ನೋಡಲು ಬೀದಿ ಸುತ್ತಬೇಡಿ. ನೆಲದ ಮೇಲೆ ಬಿದ್ದ ಪ್ರತಿ ತಂತಿಯಲ್ಲೂ ವಿದ್ಯುತ್ ಇದೆ ಎಂದೇ ತಿಳಿಯಿರಿ. ಜನರೇಟರನ್ನು ಬಾಗಿಲು ತೆರೆದಿಟ್ಟ ಗ್ಯಾರೇಜಿನಲ್ಲೂ ಓಡಿಸಬಾರದು. ಮನೆಯಿಂದ ಕನಿಷ್ಠ 20 ಅಡಿ ದೂರವಿರಲಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ದೀಪ ಆರಿರುವ ಸಿಗ್ನಲ್ಲುಗಳಲ್ಲಿ ಪ್ರತಿಯೊಂದು ವಾಹನವೂ ನಿಂತು ಸಾಗಬೇಕು. ಮನೆ ಅಥವಾ ಕಾರಿನ ಮೇಲೆ ಬಿದ್ದ ಮರವನ್ನು ಕತ್ತರಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದು ವಿಮೆ ಕಂಪನಿಗೆ ತಿಳಿಸಿ, ಮತ್ತು ಗರಗಸ ಹಿಡಿದು ಮನೆಬಾಗಿಲಿಗೆ ಬಂದು ಪೂರ್ತಿ ಹಣವನ್ನು ಮುಂಗಡವಾಗಿ ಕೇಳುವವರಿಗೆ ಕೆಲಸ ಒಪ್ಪಿಸಬೇಡಿ.