ಕನ್ನಡ ಪಾಠವನ್ನು ಕಿವಿಗೂ ಬೆರಳಿಗೂ ಒಗ್ಗಿಸುವ ಬಗೆ

ಅಂಧ ವಿದ್ಯಾರ್ಥಿ ನೋಟ್ಸ್ ಕೇಳಿದರೆ ಪುಟಗಳ ಫೋಟೊ ಹೊಡೆದು ವಾಟ್ಸಾಪ್‌ಗೆ ಹಾಕಿ ಕೈತೊಳೆದುಕೊಳ್ಳುವವರೇ ಹೆಚ್ಚು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಸ್ಕ್ರೀನ್ ರೀಡರ್. ಫೋಟೊದೊಳಗಿನ ಅಕ್ಷರವನ್ನು ಅದು ಸರಿಯಾಗಿ ಓದುತ್ತದೆಂದು ನೆಚ್ಚುವಂತಿಲ್ಲ. ಮೊದಲು ಬೇಕಾದದ್ದು ತಪ್ಪಿಲ್ಲದ ಯುನಿಕೋಡ್ ಪಠ್ಯ, ಅಂದರೆ ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಸಂಕೇತವಿರುವ ಪಠ್ಯ. ಅದೊಂದು ಕೈಗೆ ಬಂದರೆ ಧ್ವನಿ, ದೊಡ್ಡಕ್ಷರ, ಬ್ರೈಲ್ ಎಲ್ಲವನ್ನೂ ಅದರಿಂದಲೇ ತೆಗೆಯಬಹುದು.

ಕೆಲಸ ಹಚ್ಚುವ ಮುನ್ನ ಪುಸ್ತಕ ಈಗಾಗಲೇ ತಯಾರಿದೆಯೇ ನೋಡಿ. 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ ಆನ್‌ಲೈನ್ ಗ್ರಂಥಾಲಯದಲ್ಲಿ ಹುಡುಕಿ. ಸದಸ್ಯತ್ವಕ್ಕೆ ಅಂಗವೈಕಲ್ಯದ ದಾಖಲೆ ಬೇಕು. ಶಾಲಾ ಮಕ್ಕಳಿಗಾದರೆ ತಾಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳ ಕಲಿಕೆ ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಆಗಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಅದು ಎಷ್ಟೋ ಪಾಲಕರಿಗೆ ಗೊತ್ತೇ ಇರುವುದಿಲ್ಲ.

ಟೈಪ್ ಮಾಡಿದ ಫೈಲ್ ಸಿಕ್ಕಿತೆಂದು ಹಿಗ್ಗಬೇಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಲ್ಲಿಯ ಡಿಟಿಪಿ ಅಂಗಡಿಗೆ ಹೋದರೂ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನ ಫೈಲುಗಳು ಈಗಲೂ ಸಿಗುತ್ತವೆ. ಕಣ್ಣಿಗೆ ಅದು ಕನ್ನಡ, ಒಳಗೆ ಇಂಗ್ಲಿಷ್ ಸಂಕೇತ (ಆಸ್ಕಿ). ಪರೀಕ್ಷೆ ಸುಲಭ: ಒಂದು ಸಾಲು ಆಯ್ದು ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಹೋಗಿ ಕೊಂಬು-ಚುಕ್ಕೆಯ ರೋಮನ್ ಅಕ್ಷರ ಬಂದರೆ ಸ್ಕ್ರೀನ್ ರೀಡರ್ ಓದುವುದೂ ಅದನ್ನೇ. ಅಂಥ ಫೈಲನ್ನು ಆಸ್ಕಿ-ಯುನಿಕೋಡ್ ಪರಿವರ್ತಕದಲ್ಲಿ ಹಾಯಿಸಿ. ಪಿಡಿಎಫ್‌ನಿಂದ ಕಾಪಿ ಮಾಡುವ ಬದಲು ಅಂಗಡಿಯವರಿಂದ ಮೂಲ ಫೈಲನ್ನೇ ಕೇಳಿ ತನ್ನಿ. ಪಿಡಿಎಫ್ ಯುನಿಕೋಡ್‌ನಲ್ಲಿದ್ದರೂ ಕಾಪಿ ಮಾಡುವಾಗ ಒತ್ತಕ್ಷರ ಚದುರುವುದುಂಟು.

ಫೈಲ್ ಇಲ್ಲದ ಪುಸ್ತಕವನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿ, ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಎದ್ದು ಬರುತ್ತವೆ. ಮೊಬೈಲಿನಿಂದ ತೆಗೆಯುವುದಾದರೆ ಫ್ಲಾಶ್ ಬೇಡ, ನುಣುಪು ಹಾಳೆಯ ಮೇಲೆ ಬಿಳಿ ಕಲೆ ಮೂಡುತ್ತದೆ. ಕಿಟಕಿಯ ಬೆಳಕು ಸಾಕು. ಪುಸ್ತಕದ ಬೆನ್ನಿನ ಹತ್ತಿರ ಸಾಲು ಬಾಗದಂತೆ ಗಾಜಿನ ಹಾಳೆ ಒತ್ತಿ ಹಿಡಿಯಿರಿ. ಎರಡು ಕಾಲಂ ಇರುವ ಪುಟವನ್ನು ಒಂದೊಂದು ಕಾಲಂ ಕತ್ತರಿಸಿ ಕೊಡಿ, ಇಲ್ಲದಿದ್ದರೆ ಎಡದ ಸಾಲಿಗೆ ಬಲದ ಸಾಲು ಅಂಟುತ್ತದೆ. ಕೋಷ್ಟಕವನ್ನು ಕೈಯಿಂದಲೇ ಟೈಪ್ ಮಾಡುವುದು ಲೇಸು.

ಇನ್ನು ತಿದ್ದುವ ಕೆಲಸ. ಹೆಚ್ಚು ಹೊತ್ತು ಹಿಡಿಯುವುದು ಇದೇ, ಅವಸರ ಮಾಡಿ ಕೆಡಿಸುವುದೂ ಇಲ್ಲೇ. ಕನ್ನಡ ಸೊನ್ನೆ ಅಂಕಿ ‘೦’ ಮತ್ತು ಅನುಸ್ವಾರ ‘ಂ’ ನೋಡಲು ಒಂದೇ. ಯಂತ್ರ ಅದಲುಬದಲು ಮಾಡಿದರೆ ಕಣ್ಣಿಟ್ಟು ಓದುವವರಿಗೆ ತಿಳಿಯುವುದೇ ಇಲ್ಲ, ಕೇಳುವ ಹುಡುಗನಿಗೆ ಪದದ ನಡುವೆ ‘ಸೊನ್ನೆ’ ಎಂದು ಬಡಿಯುತ್ತದೆ. ಪಾಠದ ಅಂಕಿಗಳೆಲ್ಲ 0-9 ರೂಪದಲ್ಲಿದ್ದರೆ ಫೈಂಡ್-ರಿಪ್ಲೇಸ್‌ನಲ್ಲಿ ಒಂದೇ ಏಟಿಗೆ ಸರಿಪಡಿಸಬಹುದು. ಅರ್ಕಾವತ್ತು ಹಾಗಲ್ಲ. ಅದು ಒಂಬತ್ತರ ಅಂಕಿಯಾಗಿ ‘ಸೂಯ೯’ ಎಂದು ಬರುತ್ತದೆ. ಯುನಿಕೋಡ್‌ನಲ್ಲಿ ‘ರ್’ ಮೊದಲು, ‘ಯ’ ಆಮೇಲೆ ಬರಬೇಕಾದ್ದರಿಂದ ಒಂದೊಂದನ್ನೇ ‘ಸೂರ್ಯ’ ಎಂದು ಟೈಪ್ ಮಾಡಬೇಕು. ಪ-ಷ, ಥ-ಧ, ಘ-ಫ ಕಡೆಗೂ ಗಮನವಿರಲಿ. ಕೊನೆಗೆ ಫೈಲನ್ನು ಮೊಬೈಲಿನಲ್ಲಿ ಓದಿಸಿ, ಪುಸ್ತಕ ಮುಂದಿಟ್ಟುಕೊಂಡು ಕೇಳಿ. ಕಣ್ಣು ದಾಟಿಸಿದ ತಪ್ಪನ್ನು ಕಿವಿ ಹಿಡಿಯುತ್ತದೆ.

ಶೀರ್ಷಿಕೆಗೆ ಅಕ್ಷರ ದಪ್ಪ ಮಾಡಿದರೆ ಸಾಲದು. ವರ್ಡ್‌ನಲ್ಲಿ ಪಾಠಕ್ಕೆ ಹೆಡಿಂಗ್ 1, ಉಪಶೀರ್ಷಿಕೆಗೆ ಹೆಡಿಂಗ್ 2 ಸ್ಟೈಲ್ ಕೊಡಿ. ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಬಳಸುವವರು ಬ್ರೌಸ್ ಮೋಡ್‌ನಲ್ಲಿ ಎಚ್ ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾರೆ. ಸ್ಟೈಲ್ ಇಲ್ಲದಿದ್ದರೆ ಮೊದಲ ಸಾಲಿನಿಂದ ಕೇಳುತ್ತಾ ಕೂರಬೇಕು.

ಚಿತ್ರವಿದ್ದಲ್ಲಿ ‘ಗೋಳಗುಮ್ಮಟದ ಚಿತ್ರ’ ಎಂದಷ್ಟೇ ಬರೆದರೆ ಏನೂ ಸಿಕ್ಕಂತಾಗಲಿಲ್ಲ. ‘ಚೌಕದ ಕಟ್ಟಡ, ನಾಲ್ಕು ಮೂಲೆಗೂ ಏಳಂತಸ್ತಿನ ಎಂಟು ಮುಖದ ಗೋಪುರ, ಮೇಲೆ ಒಂದೇ ದೊಡ್ಡ ಗುಮ್ಮಟ’ ಎಂದು ಬರೆಯಿರಿ. ನಕಾಶೆಯನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮುಟ್ಟಿಸುವುದೇ ಮೇಲು. ದಪ್ಪ ರಟ್ಟಿನ ಮೇಲೆ ಕೃಷ್ಣೆಗೆ ಸೆಣಬಿನ ಹುರಿ, ಘಟಪ್ರಭೆಗೆ ಉಲ್ಲನ್ ದಾರ, ಮಲಪ್ರಭೆಗೆ ತೆಳುವಾದ ನೂಲು ಫೆವಿಕಾಲ್‌ನಿಂದ ಅಂಟಿಸಿ. ಕೂಡಲಸಂಗಮಕ್ಕೆ ಒಂದು ಗುಂಡಿ. ದಾರಗಳ ನಡುವೆ ಕನಿಷ್ಠ 5 ಮಿ.ಮೀ. ಜಾಗ ಬಿಡಿ, ಇಲ್ಲದಿದ್ದರೆ ಬೆರಳಿಗೆ ಎರಡೂ ಒಂದೇ ಅನ್ನಿಸುತ್ತವೆ. ಹೊರಗೆ ಹರಿದ ಗೋಂದನ್ನು ಹಸಿಯಿರುವಾಗಲೇ ಒರೆಸಿ. ಒಣಗಿದ ಗಂಟನ್ನು ಮಗು ಊರೆಂದು ತಿಳಿಯುತ್ತದೆ. ಉತ್ತರ ದಿಕ್ಕು ಗೊತ್ತಾಗಲು ಬಲಮೇಲಿನ ಮೂಲೆ ಕತ್ತರಿಸಿ. ಊರಿನ ಹೆಸರುಗಳನ್ನೆಲ್ಲ ತುಂಬುವ ಆಸೆ ಬೇಡ.

ಡಿಸ್ಲೆಕ್ಸಿಯಾ (ಅಕ್ಷರ ಓದುವುದೇ ತೊಡಕಾಗುವ ಕಲಿಕಾ ನ್ಯೂನತೆ) ಇರುವ ಮಕ್ಕಳಿಗೂ ಇದೇ ಪಠ್ಯ ಸಾಕು, ತೋರಿಸುವ ರೀತಿ ಬೇರೆ. 16ರಿಂದ 18 ಪಾಯಿಂಟ್ ಅಕ್ಷರ, ಒಂದೂವರೆ ಸಾಲಿನ ಅಂತರ. ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಲ ಅಂಚನ್ನು ಸಮ ಮಾಡಬೇಡಿ, ಪದಗಳ ನಡುವೆ ತೂತು ಬೀಳುತ್ತವೆ. ‘ಸೂರ್ಯ’ದಲ್ಲಿ ಅರ್ಕಾವತ್ತು ‘ಯ’ದ ಆಚೆ ಕೂತಿದ್ದರೂ ಉಚ್ಚಾರ ಮೊದಲು ಬರುತ್ತದೆ, ಮಗು ‘ಸೂಯರ್’ ಎಂದು ಓದಿದರೆ ಗದರಬೇಡಿ. ಎಡ್ಜ್ ಬ್ರೌಸರಿನಲ್ಲಿ ರೀಡ್ ಅಲೌಡ್ ಹಚ್ಚಿ ಸಪ್ನಾ ಅಥವಾ ಗಗನ್ ಧ್ವನಿ ಆರಿಸಿದರೆ ಓದುತ್ತಿರುವ ಪದ ಬಣ್ಣಗೊಳ್ಳುತ್ತಾ ಹೋಗುತ್ತದೆ. ಕಣ್ಣು ಕಿವಿ ಒಟ್ಟಿಗೆ ಸಾಗುತ್ತವೆ. ಇದಕ್ಕೆ ಇಂಟರ್ನೆಟ್ ಬೇಕು. ನೆಟ್ ಸಿಗದ ಹಳ್ಳಿಗೆ ಆಂಡ್ರಾಯ್ಡ್ ಫೋನಿನ ಕನ್ನಡ ಧ್ವನಿಯನ್ನು ಮೊದಲೇ ಇಳಿಸಿಕೊಟ್ಟುಬಿಡಿ.

ಕವಿತೆ, ವಚನಕ್ಕೆ ಯಂತ್ರದ ದನಿ ರುಚಿಸದು, ಮನುಷ್ಯರೇ ಓದಲಿ. ಫ್ಯಾನ್ ಆರಿಸಿ, ಬಾಯಿಯಿಂದ ಒಂದು ಗೇಣು ದೂರದಲ್ಲಿ ಮೈಕ್ ಇಡಿ. ಮೊನೊ, 64 ಕೆಬಿಪಿಎಸ್ ಎಂಪಿ3 ಆದರೆ ಒಂದು ತಾಸಿಗೆ ಸುಮಾರು 29 ಎಂಬಿ.

ಬ್ರೈಲ್‌ಗೆ ಮಾಮೂಲಿ ಹಾಳೆ ನಡೆಯದು, ಚುಕ್ಕೆ ಬೇಗ ಕೂತುಬಿಡುತ್ತವೆ. 120 ಜಿಎಸ್ಎಂ ಮೇಲಿನ ದಪ್ಪ ಹಾಳೆ ಬಳಸಿ, ಬ್ರೈಲ್ ಬಲ್ಲವರ ಬೆರಳಿನಿಂದ ಒಮ್ಮೆ ಓದಿಸಿ.

ಹಕ್ಕುಸ್ವಾಮ್ಯದ ಅಂಜಿಕೆ ಬೇಡ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 52(1)(ಜೆಡ್‌ಬಿ) ಕಲಮು ಅಂಗವಿಕಲರ ಓದಿಗಾಗಿ ಇಂಥ ಪ್ರತಿ ಮಾಡಲು ಅವಕಾಶ ಕೊಡುತ್ತದೆ. ಲಾಭಕ್ಕೆ ಮಾರುವಂತಿಲ್ಲ, ಇಡೀ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುವಂತೆಯೂ ಇಲ್ಲ. ಮೆಮೊರಿ ಕಾರ್ಡಿಗೆ ತುಂಬುವಾಗ ಫೈಲಿನ ಹೆಸರು 01, 02 ಎಂದು ಎರಡಂಕಿಯಲ್ಲೇ ಶುರುವಾಗಲಿ. 1, 2 ಎಂದಿಟ್ಟರೆ ಎಷ್ಟೋ ಪ್ಲೇಯರ್‌ಗಳಲ್ಲಿ ಒಂದನೆಯ ಪಾಠದ ಬೆನ್ನಿಗೆ ಹತ್ತನೆಯದು ಶುರುವಾಗುತ್ತದೆ.