ನನ್ನ ಟಿಕೆಟ್ಟಿಗೆ ನಾನೇ ಕಂಡಕ್ಟರ್

ಬರ್ಲಿನ್‌ಗೆ ಬಂದ ಹನ್ನೊಂದನೆಯ ದಿನ ಟಿಕೆಟ್ ಇಟ್ಟುಕೊಂಡೇ ಸಿಕ್ಕಿಬಿದ್ದೆ. ಕದ್ದು ಪ್ರಯಾಣ ಮಾಡಿರಲಿಲ್ಲ. ಯಂತ್ರಕ್ಕೆ ನಾಣ್ಯ ಹಾಕಿ ಕೊಂಡ 2.80 ಯೂರೋದ ಅಪ್ಪಟ ಟಿಕೆಟ್ ಅಂಗಿಯ ಜೇಬಿನಲ್ಲಿತ್ತು. ಆದರೂ ದಂಡ 60 ಯೂರೋ.

ಇದು 2019ರ ಅಕ್ಟೋಬರ್ ಮಾತು. ಆಗ ಟೇಗೆಲ್ ವಿಮಾನ ನಿಲ್ದಾಣ ಇನ್ನೂ ಮುಚ್ಚಿರಲಿಲ್ಲ. ಅಲ್ಲಿಂದ ಊರೊಳಗೆ ಬರುವಾಗ ಬಸ್ ಚಾಲಕನೇ ಟಿಕೆಟ್ ಹರಿದುಕೊಟ್ಟಿದ್ದ. ಅದರ ಮೇಲೆ ದಿನಾಂಕವೂ ಸಮಯವೂ ಅಚ್ಚಾಗಿಯೇ ಬಂದಿದ್ದವು. ಟಿಕೆಟ್ ಕೊಂಡರೆ ಕೆಲಸ ಮುಗಿಯಿತು ಎಂದು ನನ್ನ ತಲೆಯಲ್ಲಿ ಕೂತದ್ದು ಅಲ್ಲೇ. ಹತ್ತು ದಿನ ನಡೆದೋ ಬಸ್ಸಿನಲ್ಲೋ ಓಡಾಡಿದೆ. ಹನ್ನೊಂದನೆಯ ದಿನ ಹೆರ್ಮಾನ್‌ಪ್ಲಾಟ್ಜ್‌ನಲ್ಲಿ ಮೊದಲ ಬಾರಿಗೆ ಸುರಂಗ ರೈಲಿಗೆ ಇಳಿದೆ.

ನಮ್ಮ ಮೆಟ್ರೋದಲ್ಲಿ ಟೋಕನ್ ತೋರಿಸದೆ ಗೇಟು ತೆರೆಯುವುದಿಲ್ಲ. ಇಲ್ಲಿ ಗೇಟೇ ಇಲ್ಲ. ಮೆಟ್ಟಿಲಿಳಿದರೆ ನೇರ ಪ್ಲಾಟ್‌ಫಾರ್ಮ್, ರೈಲು ಬಂದರೆ ಹತ್ತಿ ಕೂರುವುದು. ಯಂತ್ರದ ಪಕ್ಕದಲ್ಲಿ ಎದೆಯೆತ್ತರಕ್ಕೆ ಒಂದು ಹಳದಿ ಡಬ್ಬಿ ಇತ್ತು, ಅಂಚೆ ಪೆಟ್ಟಿಗೆಯ ಮರಿಯ ಹಾಗೆ. ನಾನು ಅದಕ್ಕೆ ಬೆನ್ನು ಕೊಟ್ಟು ನಿಂತು ರೈಲಿಗೆ ಕಾದೆ.

ಬಾಗಿಲು ಮುಚ್ಚಿ ರೈಲು ಹೊರಟ ಮೇಲೆ, ಅಷ್ಟು ಹೊತ್ತು ಕಿಟಕಿಯಾಚೆ ನೋಡುತ್ತಿದ್ದ ಇಬ್ಬರು ಎದ್ದರು. ಒಬ್ಬನ ಬೆನ್ನಿಗೆ ಕಾಲೇಜು ಹುಡುಗರ ಚೀಲ, ಇನ್ನೊಬ್ಬನದು ಮಾಸಿದ ಜೀನ್ಸ್. ಜಾಕೆಟ್ ಒಳಗಿಂದ ಗುರುತಿನ ಬಿಲ್ಲೆ ಹೊರಬಂತು. "ಫಾರ್‌ಶೈನೆ, ಬಿಟ್ಟೆ." ಫಾರ್‌ಶೈನ್ ಎಂದರೆ ಟಿಕೆಟ್, ಬಿಟ್ಟೆ ಎಂದರೆ ದಯವಿಟ್ಟು. ಆ ದಿನ ಅಷ್ಟೂ ಗೊತ್ತಿರಲಿಲ್ಲ. ಆಮೇಲೆ ಕನ್ನಡದ ಗೆಳೆಯರಲ್ಲಿ ಇದೊಂದು ಹಳೆಯ ನಗೆಮಾತಾಯಿತು: ಬಾಯಲ್ಲಿ ಬಿಟ್ಟೆ ಬಿಟ್ಟೆ ಎನ್ನುತ್ತಾರೆ, ಬಿಡುವುದು ಮಾತ್ರ ಇಲ್ಲ.

ನಾನು ಧೈರ್ಯವಾಗಿಯೇ ಟಿಕೆಟ್ ಕೊಟ್ಟೆ. ಚೀಲದವನು ಅದನ್ನು ತಿರುಗಿಸಿ ನೋಡಿ, ಅಂಚಿನಲ್ಲಿದ್ದ ಖಾಲಿ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಅಲ್ಲಿ ಮುದ್ರೆ ಇರಬೇಕಿತ್ತು. ಆ ಹಳದಿ ಡಬ್ಬಿಯ ಬಾಯಿಗೆ ಟಿಕೆಟ್ ತೂರಿಸಿದರೆ ದಿನಾಂಕ, ಸಮಯ ಒತ್ತಿಕೊಡುತ್ತದೆಯಂತೆ. ಜರ್ಮನ್ನಿನಲ್ಲಿ ಈ ಮುದ್ರೆ ಒತ್ತುವುದಕ್ಕೆ 'ಎಂಟ್‌ವೆರ್ಟನ್' ಎನ್ನುತ್ತಾರೆ. ಪದವನ್ನು ಬಿಡಿಸಿದರೆ ಬೆಲೆ ಕಳೆಯುವುದು ಎಂದರ್ಥ. ಮೊದಲಿಗೆ ವಿಚಿತ್ರ ಎನಿಸಿದರೂ ಲೆಕ್ಕ ಸರಿಯಾಗಿಯೇ ಇದೆ. ಮುದ್ರೆ ಬೀಳದ ಟಿಕೆಟ್ಟನ್ನು ನಾಳೆಯೂ ಬಳಸಬಹುದು, ನಾಡಿದ್ದೂ ಬಳಸಬಹುದು. ಅದರ ಬೆಲೆ ನನ್ನ ಜೇಬಿನಲ್ಲೇ ಭದ್ರವಾಗಿದೆ. ಹಾಗಾದರೆ ಇವತ್ತಿನ ಪ್ರಯಾಣಕ್ಕೆ ನಾನು ಕೊಟ್ಟದ್ದೇನು?

ಊರಿನಲ್ಲಿ ಈ ತಲೆನೋವು ನಮ್ಮದಲ್ಲ. ಕಂಡಕ್ಟರ್ ನಮ್ಮ ಹತ್ತಿರ ಬರುತ್ತಾನೆ, ಕೇಳುತ್ತಾನೆ, ಹರಿದುಕೊಡುತ್ತಾನೆ, ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾನೆ. ಇಲ್ಲಿ ಆ ಕೆಲಸವೆಲ್ಲ ಪ್ರಯಾಣಿಕನ ಪಾಲಿಗೆ ಬಂದಿದೆ. ಯಾವ ವಲಯ ಎಂದು ನೋಡುವವನು ನಾನು, ಮುದ್ರೆ ಒತ್ತುವವನು ನಾನು, ತಪ್ಪಿದರೆ ದಂಡ ಕಟ್ಟುವವನೂ ನಾನೇ. ಗೊತ್ತಿರಲಿಲ್ಲ ಎಂಬ ಮಾತು ತನಿಖಾಧಿಕಾರಿಯ ಕಿವಿಗೆ ದಿನಕ್ಕೆ ಐವತ್ತು ಸಲ ಬೀಳುತ್ತಿರಬೇಕು. ಅವನ ಮುಖ ನೋಡಿದರೆ ಹಾಗೆಯೇ ಅನಿಸುತ್ತಿತ್ತು.

ಮುಂದಿನ ನಿಲ್ದಾಣದಲ್ಲಿ ಇಳಿಸಿದರು. ಪಾಸ್‌ಪೋರ್ಟ್ ಕೊಟ್ಟೆ, ವಿಳಾಸ ಹೇಳಿದೆ. ಕೈಯಲ್ಲಿದ್ದ ಪುಟ್ಟ ಯಂತ್ರದಿಂದ ಒಂದು ಚೀಟಿ ಹೊರಬಂತು. ಆ ಕ್ಷಣದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಎಂದರೆ ವಾದ ಮಾಡದೆ ಇದ್ದದ್ದು. ಜರ್ಮನ್ ಬರದೇ ಇದ್ದದ್ದು ಅದಕ್ಕೆ ಸಹಾಯ ಮಾಡಿತು ಎನ್ನಬೇಕು. ಮೂರು ದಿನದ ನಂತರ ಗೆಳೆಯನ ಬ್ಯಾಂಕ್ ಖಾತೆಯಿಂದ ಹಣ ಕಳುಹಿಸಿದೆ, ಚೀಟಿಯಲ್ಲಿದ್ದ ಪ್ರಕರಣ ಸಂಖ್ಯೆಯನ್ನು ಒಂದಂಕಿ ಬಿಡದೆ ಉದ್ದೇಶದ ಜಾಗದಲ್ಲಿ ಬರೆದು. ಈ ಸಂಖ್ಯೆ ಬಿಟ್ಟುಹೋದರೆ ಹಣ ಯಾರದ್ದೆಂದು ಅವರಿಗೆ ತಿಳಿಯುವುದಿಲ್ಲ, ನೆನಪೋಲೆ ಬರುತ್ತದೆ, ಅದರ ಶುಲ್ಕವೂ ಸೇರುತ್ತದೆ, ಕೊನೆಗೆ ವಸೂಲಿ ಕಂಪನಿಯ ಪತ್ರ. ಆ ಚೀಟಿ ಮತ್ತು ಪಾವತಿಯ ರಸೀದಿ ಇಂದಿಗೂ ನನ್ನ ಕಡತದಲ್ಲಿವೆ.

ಅಂದು ರಾತ್ರಿ ನಿದ್ದೆ ಕೆಡಿಸಿದ್ದು ಮಾತ್ರ 60 ಯೂರೋ ಅಲ್ಲ. ಕೊಠಡಿಯಲ್ಲಿದ್ದವನೊಬ್ಬ "ಇನ್ನು ವೀಸಾ ಕಥೆ ಮುಗಿಯಿತು" ಎಂದಿದ್ದ. ಹೊಸದಾಗಿ ಬಂದವರು ಈಗಲೂ ನನಗೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಅದೇ. ನಾನು ಓದಿ, ಕೇಳಿ ತಿಳಿದುಕೊಂಡದ್ದು ಹೀಗೆ. ಆ 60 ಯೂರೋ ನ್ಯಾಯಾಲಯದ ದಂಡವಲ್ಲ, ಅದರ ಹೆಸರೇ 'ಹೆಚ್ಚಿಸಿದ ಪ್ರಯಾಣ ದರ'. 2015ರವರೆಗೆ 40 ಇತ್ತು. ಅದನ್ನು ಕಟ್ಟಿಬಿಟ್ಟರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಆದರೆ ಬೇಕೆಂದೇ ಟಿಕೆಟ್ ಇಲ್ಲದೆ ಓಡಾಡುವುದು ದಂಡಸಂಹಿತೆಯ 265ಎ ಕಲಮಿನ ಕೆಳಗೆ ಅಪರಾಧವೂ ಹೌದು, ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಪದೇಪದೇ ಸಿಕ್ಕಿಬಿದ್ದವರ ಮೇಲೆ ಸಾರಿಗೆ ಸಂಸ್ಥೆಗಳು ದೂರು ಕೊಡುತ್ತವೆ. ಸುಳ್ಳು ಹೆಸರು ಹೇಳುವುದು, ಓಡುವುದು, ಗುರುತು ತೋರಿಸಲು ಒಪ್ಪದಿರುವುದು, ಇವೆಲ್ಲ ಸಣ್ಣ ಸಂಗತಿಯನ್ನು ಪೊಲೀಸರ ಬಾಗಿಲಿಗೆ ಒಯ್ಯುತ್ತವೆ. ವೀಸಾದ ಮೇಲೆ ಬದುಕುವವರು ಭಯಪಡಬೇಕಾದದ್ದು ಚೀಟಿಗಲ್ಲ, ಅದಕ್ಕೆ.

ಅಂದಹಾಗೆ, ಆ ಕಲಮು 1935ರದ್ದು. ನ್ಯಾಯಾಲಯ ಹಾಕಿದ ದಂಡ ಕಟ್ಟಲಾಗದ ಬಡವರು ಇಂದಿಗೂ ಅದರ ಬದಲು ಜೈಲಿಗೆ ಹೋಗುತ್ತಾರೆ. ಬರ್ಲಿನ್ನಿನ ಪ್ಲೋಟ್ಜೆನ್‌ಸೇ ಸೆರೆಮನೆಯಲ್ಲಿ ಅಂಥವರಿದ್ದಾರೆ. 2021ರಲ್ಲಿ ಶುರುವಾದ ಫ್ರೈಹೈಟ್ಸ್‌ಫಾಂಡ್ಸ್ ಎಂಬ ನಿಧಿ ಜನರಿಂದ ಹಣ ಎತ್ತಿ, ಇವರ ದಂಡ ಕಟ್ಟಿ ಬಿಡಿಸುತ್ತದೆ. ಗೇಟೇ ಇಲ್ಲದ, ಎಲ್ಲರನ್ನೂ ನಂಬುವ ವ್ಯವಸ್ಥೆ ಎಂದು ಹೊಗಳುವವರಿಗೆ ನಾನು ಇದನ್ನೂ ಹೇಳುತ್ತೇನೆ.

2023ರ ಮೇ ತಿಂಗಳಲ್ಲಿ ಡಾಯ್ಚ್‌ಲ್ಯಾಂಡ್ ಟಿಕೆಟ್ ಬಂದ ಮೇಲೆ ಮುದ್ರೆಯ ಕಾಟ ತಪ್ಪಿತು. ತಿಂಗಳಿಗೆ 49 ಯೂರೋ ಚಂದಾ, ಇಡೀ ದೇಶದ ಬಸ್, ಟ್ರಾಮ್, ಸುರಂಗ ರೈಲು, ಪ್ರಾದೇಶಿಕ ರೈಲು. ಐಸಿಇ, ಐಸಿ ಎಂಬ ವೇಗದ ದೂರಪ್ರಯಾಣದ ರೈಲುಗಳಿಗೆ ಮಾತ್ರ ಇಲ್ಲ. 2025ರಲ್ಲಿ 58 ಆಯಿತು, 2026ರಲ್ಲಿ 63. ಈಗಲೂ ಅಗ್ಗವೇ. ಆದರೆ ಕಂಡಕ್ಟರ್ ಕೆಲಸದಿಂದ ನನಗೆ ಬಿಡುಗಡೆ ಸಿಗಲಿಲ್ಲ, ಕೆಲಸ ಬದಲಾಯಿತು ಅಷ್ಟೆ.

ಮೊದಲ ತೊಡಕು ಹೆಸರಿನದು. ಈ ಟಿಕೆಟ್ ಒಬ್ಬರದು ಇನ್ನೊಬ್ಬರಿಗೆ ಸಲ್ಲದು. ಭಾವಚಿತ್ರವಿರುವ ಗುರುತಿನ ಚೀಟಿಯ ಜೊತೆ ತೋರಿಸಬೇಕು. ನನ್ನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು, ಕೊನೆಯಲ್ಲಿ ನನ್ನ ಹೆಸರು, ಹೀಗೆ ಒಂದು ಸಾಲು ತುಂಬುವಷ್ಟಿದೆ. ಟಿಕೆಟ್ ಕೊಳ್ಳುವಾಗ ಊರಿನಲ್ಲಿ ಬರೆಯುವ ಹಾಗೆ ಎರಡು ಇನಿಷಿಯಲ್ ಹಾಕಿ ಸುಲಭ ಮಾಡಿಕೊಂಡಿದ್ದೆ. ಪಾಟ್ಸ್‌ಡಾಮ್ ಕಡೆಯ ರೈಲಿನಲ್ಲಿ ತನಿಖೆ ಮಾಡಿದ ಮಹಿಳೆ ಟಿಕೆಟ್ಟನ್ನೂ ಕಾರ್ಡನ್ನೂ ಅಕ್ಕಪಕ್ಕ ಹಿಡಿದು, ಬೆರಳಿಟ್ಟು ಒಂದೊಂದೇ ಅಕ್ಷರ ಹುಡುಕಿದಳು. ಈ ಎರಡು ಅಕ್ಷರ ಯಾರು ಎಂದಳು. ಒಂದು ನನ್ನ ಊರು, ಇನ್ನೊಂದು ನನ್ನ ಅಪ್ಪ ಎಂದೆ. ಆಕೆ ನಕ್ಕು ಬಿಟ್ಟುಕೊಟ್ಟಳು. ಎಲ್ಲರೂ ನಗುವುದಿಲ್ಲ. ಆ ಸಂಜೆಯೇ ಖಾತೆಯಲ್ಲಿ ಹೆಸರನ್ನು ವಾಸದ ಪರವಾನಗಿ ಕಾರ್ಡಿನಲ್ಲಿ ಇದ್ದಂತೆ, ಅದೇ ಕ್ರಮದಲ್ಲಿ ತಿದ್ದಿದೆ. ಕಾರ್ಡ್ ನವೀಕರಣಕ್ಕೆ ಹೋಗಿದ್ದ ತಿಂಗಳುಗಳಲ್ಲಿ ಪಾಸ್‌ಪೋರ್ಟನ್ನೇ ಹೊತ್ತು ತಿರುಗಿದೆ. ತನಿಖೆಯವರಿಗೆ ನಮ್ಮ ವೀಸಾದ ಗೊಡವೆ ಇಲ್ಲ. ಮುಖವೂ ಹೆಸರೂ ಹೊಂದಿದರೆ ಸಾಕು.

ಎರಡನೆಯದು ಹಳೆಯ ಅಭ್ಯಾಸ. ಮೊದಲು ನನ್ನ ಹತ್ತಿರ ಬರ್ಲಿನ್ನಿನ ತಿಂಗಳ ಪಾಸು ಇತ್ತು. ಅದರಲ್ಲಿ ರಾತ್ರಿ ಎಂಟರ ನಂತರ, ಶನಿವಾರ ಭಾನುವಾರ ಇಡೀ ದಿನ, ಇನ್ನೊಬ್ಬರನ್ನು ಉಚಿತವಾಗಿ ಕರೆದೊಯ್ಯಬಹುದಿತ್ತು. ಡಾಯ್ಚ್‌ಲ್ಯಾಂಡ್ ಟಿಕೆಟ್ಟಿಗೆ ಆ ಸವಲತ್ತು ಇಲ್ಲ. ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಧಾರಾಳವಾಗಿ ರೈಲು ಹತ್ತಿದವನು, ಎರಡು ನಿಲ್ದಾಣ ದಾಟಿದ ಮೇಲೆ ನೆನಪಾಗಿ, ಬೆವರುತ್ತಾ ಇಳಿದು ಟಿಕೆಟ್ ಕೊಂಡೆ. ಅವಳು ಇದನ್ನು ಇನ್ನೂ ಮರೆತಿಲ್ಲ.

ಟಿಕೆಟ್ ಇಟ್ಟುಕೊಂಡ ಮೊಬೈಲಿನ ಚಾರ್ಜ್ ಮುಗಿದರೆ ಟಿಕೆಟ್ ಇಲ್ಲವೆಂದೇ ಲೆಕ್ಕ. ಆದರೆ ಟಿಕೆಟ್ ನಿಮ್ಮ ಹೆಸರಿನದಾಗಿದ್ದು, ಆ ಹೊತ್ತಿನಲ್ಲಿ ಊರ್ಜಿತವಾಗಿತ್ತು ಎಂದು ಒಂದು ವಾರದೊಳಗೆ ತೋರಿಸಿದರೆ 60 ಯೂರೋ 7ಕ್ಕೆ ಇಳಿಯುತ್ತದೆ. ಒಮ್ಮೆ ಜನವರಿಯ ಚಳಿಯಲ್ಲಿ ಫೋನ್ ಸತ್ತು ನಾನೇ ಆ 7 ಯೂರೋ ಕಟ್ಟಿದ್ದೇನೆ. ಆಮೇಲೆ ಚಿಪ್ ಕಾರ್ಡಿಗೆ ಬದಲಾಯಿಸಿಕೊಂಡೆ. ಕಾರ್ಡಿಗೆ ಚಳಿಯಾಗುವುದಿಲ್ಲ. ಚಂದಾ ನಿಲ್ಲಿಸಬೇಕಾದರೆ ತಿಂಗಳ 10ನೇ ತಾರೀಖಿನೊಳಗೆ ತಿಳಿಸಬೇಕು. ಊರಿಗೆ ರಜೆ ಹೋಗುವ ಗಡಿಬಿಡಿಯಲ್ಲಿ 11ರಂದು ನೆನಪಾಗುವುದು ನಮ್ಮವರಿಗೆಲ್ಲ ಆಗಿರುವ ಅನುಭವ.

ವಲಯದ ವಿಷಯ ಒಂದೇ ಮಾತಿನಲ್ಲಿ: ಬರ್ಲಿನ್ನಿನಲ್ಲಿ ಎ, ಬಿ, ಸಿ ಎಂದು ಮೂರು ವಲಯ, ಹೊಸ ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ. ಊರಿನಿಂದ ಬಂದು ಇಳಿದವರು ಎಬಿ ಟಿಕೆಟ್ ಕೊಂಡು ಹತ್ತಿದರೆ ಮೊದಲ ಗಂಟೆಯಲ್ಲೇ ಸಿಕ್ಕಿಬೀಳುತ್ತಾರೆ. ಎಬಿಸಿ ಕೊಳ್ಳಬೇಕು. ಮ್ಯೂನಿಕ್‌ನಲ್ಲಿ ಇನ್ನೊಂದು ಚಂದ. ಅಲ್ಲಿ ಹತ್ತು ಪಟ್ಟಿಗಳ ಉದ್ದನೆಯ ಟಿಕೆಟ್ ಸಿಗುತ್ತದೆ. ಊರೊಳಗಿನ ಪ್ರಯಾಣಕ್ಕೆ ಎರಡು ಪಟ್ಟಿ. ಎರಡನೆಯ ಪಟ್ಟಿ ಮೇಲೆ ಬರುವ ಹಾಗೆ ಕಾಗದ ಮಡಚಿ ಅದಕ್ಕೆ ಮಾತ್ರ ಮುದ್ರೆ ಒತ್ತಬೇಕು. ಮೊದಲನೆಯದಕ್ಕೆ ಒತ್ತಿದರೆ ಒಂದು ಪಟ್ಟಿಯ ದೂರಕ್ಕಷ್ಟೇ ಟಿಕೆಟ್ ಇದ್ದಂತೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಾಗದ ಮಡಚುತ್ತಿದ್ದಾಗ ಪುರೋಹಿತರು ಪವಿತ್ರ ಕಟ್ಟುವುದು ನೆನಪಾಯಿತು.

2024ರ ಬೇಸಿಗೆಯಲ್ಲಿ ಅಮ್ಮ ಬಂದಳು. ಅವಳ ಹೆಸರಿಗೆ ಚಂದಾ ಮಾಡಿದರೆ ನಿಲ್ಲಿಸುವುದನ್ನು ನಾನು ಮರೆಯುವುದು ಖಂಡಿತ ಎಂದು ಏಳು ದಿನದ ಕಾಗದದ ಟಿಕೆಟ್ ಕೊಂಡು, ಅವಳ ಕೈಯಿಂದಲೇ ಮುದ್ರೆ ಒತ್ತಿಸಿದೆ. ಆ 'ಟಕ್' ಶಬ್ದ ಅವಳಿಗೆ ಬಹಳ ಹಿಡಿಸಿತು. ವಾರ್ಶಾವರ್ ಸ್ಟ್ರಾಸ್ಸೆಯಿಂದ ಹೊರಟ ಟ್ರಾಮಿನಲ್ಲಿ ಕೂತಿದ್ದೆವು. ಎತ್ತರದ ಯುವಕನೊಬ್ಬ ಎದುರು ಬಂದು ನಿಂತು ಬಿಟ್ಟೆ ಎಂದ. ನಾನು ನನ್ನ ಕಾರ್ಡ್ ತೆಗೆಯುವಷ್ಟರಲ್ಲಿ ಅಮ್ಮ ಪರ್ಸಿನಿಂದ ಆಧಾರ್ ಕಾರ್ಡ್ ತೆಗೆದು ಅವನ ಮುಖದ ಹತ್ತಿರ ಹಿಡಿದಿದ್ದಳು. ಶಕ್ತಿ ಯೋಜನೆ ಬಂದು ವರ್ಷವಾಗಿತ್ತು. ಬಸ್ಸಿನಲ್ಲಿ ಯಾರಾದರೂ ಎದುರು ನಿಂತರೆ ಆಧಾರ್ ತೋರಿಸುವುದು, ಶೂನ್ಯ ಟಿಕೆಟ್ ಇಸಿದುಕೊಳ್ಳುವುದು ಅವಳ ಕೈಗೇ ರೂಢಿಯಾಗಿಹೋಗಿತ್ತು.

ಅವನು ಕಾರ್ಡನ್ನು ತೆಗೆದುಕೊಂಡು ಎರಡೂ ಬದಿ ನೋಡಿದ. ಕನ್ನಡ ಅಕ್ಷರಗಳ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು. "ಅಮ್ಮಾ, ಅದಲ್ಲ, ಟಿಕೆಟ್" ಎಂದೆ. ಅವಳು ಅಡಿಕೆಯ ಸಂಚಿ ಬಿಚ್ಚಿ, ನಾಲ್ಕಾಗಿ ಮಡಚಿದ್ದ ಟಿಕೆಟ್ ಹೊರತೆಗೆದಳು. ಅಡಿಕೆ ಪುಡಿ ಅವನ ಬೂಟಿನ ಮೇಲೆ ಉದುರಿತು. ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು, ಮುದ್ರೆ ಓದಿ, ಎರಡನ್ನೂ ಜೋಪಾನವಾಗಿ ಹಿಂದಕ್ಕೆ ಕೊಟ್ಟು ಡಾಂಕೆ, ಅಂದರೆ ಧನ್ಯವಾದ, ಎಂದ.

"ಹರಿಯಲೇ ಇಲ್ಲವಲ್ಲ" ಎಂದಳು ಅಮ್ಮ. ಮರುದಿನ ಟ್ರಾಮ್ ಹತ್ತಿದವಳೇ ನೇರ ಡಬ್ಬಿಯ ಹತ್ತಿರ ಹೋಗಿ ಅದೇ ಟಿಕೆಟ್ಟನ್ನು ಮತ್ತೊಮ್ಮೆ ಒತ್ತಲು ನಿಂತಿದ್ದಳು. ಎರಡು ಮುದ್ರೆ ಬಿದ್ದರೆ ಏಳು ದಿನ ಯಾವತ್ತು ಶುರುವಾಯಿತೆಂದು ಯಾರಿಗೆ ಉತ್ತರ ಹೇಳುವುದು? ಓಡಿ ಹೋಗಿ ಕೈ ಹಿಡಿದೆ. ಉಳಿದ ಆರು ದಿನ ಅವಳ ಟಿಕೆಟ್ ನನ್ನ ಜೇಬಿನಲ್ಲಿತ್ತು, ಆಧಾರ್ ಅವಳ ಪರ್ಸಿನಲ್ಲಿ.